ಅರ್ಕಾವತ್ತು

ದಸರೆ ರಜೆ ಮುಗಿಸಿ ಬಂದವರ ಉಗುರಲ್ಲಿ
ಶೇಂಗಾ ಕಿತ್ತ ಕೆಮ್ಮಣ್ಣು ಇನ್ನೂ ಇದೆ.
ಮಗ್ಗಿ ಮರೆತಿದ್ದಾರೆ, ಸ್ಲೇಟು ಮರೆತಿದ್ದಾರೆ,
ಲಿಖಿತನಂತೂ ತನ್ನ ಹೆಸರಿನ ಕಡೆಯ ಅಕ್ಷರವನ್ನೇ
ಹಿರಿಯೂರಿನ ಅಜ್ಜಿ ಮನೆಯಲ್ಲಿ ಬಿಟ್ಟು ಬಂದಿದ್ದಾನೆ.
ಮರೆಯದೆ ತಂದದ್ದು ಒಂದೇ:
ಬಂಡೆ ಸಂದಿಯಲ್ಲಿ ಕಿತ್ತು, ಹುಲ್ಲಲ್ಲಿ ಹಣ್ಣಿಗೆ ಹಾಕಿ,
ತಿಂದು ಉಗುಳಿದ ಸೀತಾಫಲದ ಬೀಜ,
ಜೇಬು ತುಂಬ.

ಸರಿ, ಅದರಲ್ಲೇ ಲೆಕ್ಕ.
ನೆಲದ ಮೇಲೆ ಹತ್ತರ ಗುಂಪು, ಪಕ್ಕಕ್ಕೆ ಇನ್ನೊಂದು ಹತ್ತು.
ಮುಸ್ಕಾನಳ ಗುಂಪಿನಲ್ಲಿ ಯಾವಾಗಲೂ ಒಂಬತ್ತೇ.
ಹತ್ತನೆಯದು ಅವಳ ಕೆನ್ನೆಯೊಳಗೆ.

ಮೂರರ ಮಗ್ಗಿಗೆ ಕಿಟಕಿ ಸಾಕು.
ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳು,
ಒಂದಕ್ಕೆ ಮೂರು ರೆಕ್ಕೆ, ಎರಡಕ್ಕೆ ಆರು...
ಏಳನೆಯದು ಇವತ್ತು ನಿಂತುಬಿಟ್ಟಿದೆ.
‘ನಿಂತಿರೋದನ್ನೂ ಎಣಿಸಬೇಕಾ ಮಿಸ್?’
ಓಬಳೇಶ ಕೇಳಿದ ಮೇಲೆ ನನಗೂ ಅನುಮಾನ.
ಎಣಿಸು ಅಂದೆ. ಸುತ್ತದಿದ್ದರೂ ರೆಕ್ಕೆ ರೆಕ್ಕೆಯೇ.

ರಾಜ್ಯೋತ್ಸವಕ್ಕೆ ಹನ್ನೊಂದು ದಿನ.
ಬಿಸಿಯೂಟದ ಮೊಟ್ಟೆ ಸಿಪ್ಪೆಗೆ
ಅರ್ಧ ಅರಿಶಿನ, ಅರ್ಧ ಕುಂಕುಮ;
ಹಳೇ ಕ್ಯಾಲೆಂಡರಿನ ಬೆನ್ನಿಗೆ ಗೋಂದು ಬಳಿದು
ನಾಡಿನ ನಕ್ಷೆ ಅಂಟಿಸುತ್ತಿದ್ದೇವೆ.
ಬೀದರಿನ ತಲೆಗೆ ಸಿಪ್ಪೆ ಸಾಲಲಿಲ್ಲ.
‘ನಮ್ಮ ಹಟ್ಟಿ ಎಲ್ಲೈತೆ?’
ನಡುವೆ ಒಂದು ಚೂರು ತೋರಿಸಿದೆ, ಇರುವೆ ತಲೆಯಷ್ಟು.
‘ಅಷ್ಟರಾಗೆ ಕುರಿ ಎಲ್ಲಿ ನಿಲ್ತಾವೆ?’

ಕೆಳಗೆ ಹೆಸರು ಬರೆಯಬೇಕಲ್ಲ, ಬೋರ್ಡಿಗೆ ಹೋದೆ.
ಕರ್ನಾಟಕ.
ಅದರಡಿ, ದುರ್ಗ.
ಅದರಡಿ, ಬರುವ ತಿಂಗಳು ಅದೇ ಆದ್ದರಿಂದ, ಕಾರ್ತಿಕ.
ಮೂರರಲ್ಲೂ ಒಂದೊಂದು ಕೊಕ್ಕೆ.
‘ಒಂಬತ್ತು!’ ಅಂದಿತು ಹಿಂದಿನ ಸಾಲು.
ಒಂಬತ್ತಲ್ಲ ಕಣ್ರೋ, ಅರ್ಕಾವತ್ತು. ಅದು ರಕಾರ.
ಬಾಯಲ್ಲಿ ಮೊದಲು ಬರುತ್ತೆ,
ಹಾಳೆಯಲ್ಲಿ ಹಿಂದೆ ನಿಲ್ಲುತ್ತೆ.

ಕಾಟಮ್ಮ ಎದ್ದಳು.
ಹಟ್ಟಿಯಿಂದ ಎರಡು ಮೈಲಿ ನಡೆದು
ದಿನಾ ನನಗಿಂತ ಮುಂಚೆ ಬಂದು
ಬೀಗದೆದುರು ಕೂತಿರುವವಳು.
ಎತ್ತರ ಅಂತ, ಪ್ರಾರ್ಥನೆಯ ಸಾಲಲ್ಲಿ
ನಾನೇ ಕೊನೆಗೆ ಕಳಿಸಿದವಳು.
‘ಮೊದ್ಲು ಬಂದೋರ್ನ ಹಿಂದಕ್ಕೆ ಯಾಕ್ ನಿಲ್ಸಿದ್ರಿ ಮಿಸ್?’

ಅಕ್ಷರದ ಬಗ್ಗೆಯೇ ಕೇಳಿದ್ದಳು.
ಆದರೂ ಸೀಮೆಸುಣ್ಣ ಬೆರಳಲ್ಲಿ ಸುಮ್ಮನಾಯಿತು.
ಹಿಂದೆ ನಿಂತು ಮುಂದಿನವರನ್ನ ನೋಡ್ಕೊಳ್ಳುತ್ತೆ, ಅಂದೆ.
ಸುಳ್ಳು. ಅವಳಿಗೆ ಗೊತ್ತಾಯಿತು.
ಅಷ್ಟರಲ್ಲಿ ಲಿಖಿತ
ಸಿಕ್ಕ ಅಕ್ಷರಕ್ಕೆಲ್ಲ ಕೊಕ್ಕೆ ಹಾಕಿ ಮುಗಿಸಿದ್ದ.
ಓದು ಅಂದರೆ ಕಿಕ್ ಹೊಡೆದ ಹಳೇ ಬೈಕಿನಂತೆ,
‘ಕರ್ನಾರ್ಟರ್ಕ!’
ಇಡೀ ಕೋಣೆ ಬೈಕಾಗಿ ಗುರುಗುಟ್ಟಿ
ಊಟದ ಗಂಟೆಯತ್ತ ಹೊರಟಿತು.

ಮರುದಿನ ಹಲ್ಲು ಕಟಕಟಿಸುವ ಚಳಿ,
ಬೇಲಿಯಾಚೆ ತೊಗರಿ ಹೂವಿನ ಹಳದಿ.
ಸಾಲು ನಿಂತಿತ್ತು. ನಾನು ಮಾತಾಡದೆ
ಅದರ ಬಾಲದ ಕಡೆ ನಡೆದು ಹೋಗಿ
‘ಹಿಂದೆ ತಿರುಗ್’ ಅಂದೆ.
ಬಿಸಿಲು ಎಲ್ಲರ ಕಣ್ಣಿಗೆ ಹೊಡೆಯಿತು.
‘ಮಿಸ್, ನಂಗೇನೂ ಕಾಣಂಗಿಲ್ಲ’
ಎಲ್ಲೋ ಆಳದಿಂದ ಮುಸ್ಕಾನ್.
ಮೊದಲ ಸ್ಥಾನಕ್ಕೆ ಬಂದ ಕಾಟಮ್ಮ
ಎರಡನೇ ಸಾಲಿಗೇ ನಾಡಗೀತೆ ಮರೆತಳು,
ಇಷ್ಟು ದಿನ ಮುಂದಿನವರ ಬೆನ್ನು ನೋಡಿ ಹಾಡುತ್ತಿದ್ದಳಂತೆ.
ನಾಳೆಯಿಂದ ಹಳೇ ಜಾಗವೇ ಇರಲಿ, ಅಂದಳು,
ನನ್ನನ್ನು ಸಮಾಧಾನ ಮಾಡುವಂತೆ.

ಸಂಜೆ ಸ್ಲೇಟು ನೋಡುತ್ತಾ ಕೂತೆ.
ಅವಳದು ತಪ್ಪು, ಅಥವಾ ಹಾಗೆ ಕಂಡಿತು:
ದುರ‍್ಗ.
ರ ಮುಂದೆ, ಪೂರ್ತಿ ಮೈಯಲ್ಲಿ,
ಗ ಅದರ ಕಾಲಡಿ, ಮಿಕ್ಕೆಲ್ಲ ಒತ್ತಕ್ಷರದ ಹಾಗೆ.
ಯಾರೂ ಹೇಳಿಕೊಟ್ಟದ್ದಲ್ಲ.
ಅಳಿಸಲು ಬಟ್ಟೆ ಒದ್ದೆ ಮಾಡಿದ ಮೇಲೆ ನೆನಪಾಯಿತು,
ಅಪ್ಪನ ಹಳೇ ಪುಸ್ತಕಗಳಲ್ಲಿ ಸೂರ‍್ಯನೂ
ಹೀಗೇ ಹುಟ್ಟುತ್ತಿದ್ದ.

ಬಟ್ಟೆ ಹಿಂಡಿ ಕಿಟಕಿಗೆ ಹಾಕಿದೆ.
ಏಳನೆಯದು ಯಾವಾಗ ಸುತ್ತಲು ಶುರುವಾಯಿತೋ
ನೋಡಲೇ ಇಲ್ಲ.