ಏಳನೇ ನಂಬರಿನ ಪುಸ್ತಕ

ಮಜ್ಜಿಗೆಗೆ ಬಂದವನಿಗೆ ಎಮ್ಮೆಯ ಕ್ರಯ ಯಾಕೆ
ಎಂದು ಗಾದೆ.
ನಾನು ಹನ್ನೊಂದು ವರ್ಷ
ಎಮ್ಮೆಯ ಕ್ರಯವನ್ನೇ ಬರೆದವಳು,
ಕಟಪಾಡಿಯ ಡೈರಿಯಲ್ಲಿ, ಕಿಟಕಿ ಬದಿಯ ಮೇಜಿನಲ್ಲಿ,
ಏಳನೇ ನಂಬರಿನ ಉದ್ದ ಪುಸ್ತಕದಲ್ಲಿ.

ಯಾವ ಕ್ಯಾನು, ಯಾವ ದಾರಿಯ ಗಾಡಿ,
ಪಾಂಗಾಳದ್ದೋ ಮಟ್ಟುವಿನದ್ದೋ,
ಕಾಯಿಸಿದ್ದು ಎಷ್ಟು ಗಂಟೆಗೆ, ತಣಿದದ್ದು ಎಷ್ಟಕ್ಕೆ,
ಪನೀರು ಒತ್ತಿದವರು ಯಾರು,
ಕಟ್ಟು ಹೊತ್ತು ಹೋದ ಟೆಂಪೋ ಯಾರದ್ದು.
ಹಿಂದಕ್ಕೊಂದು ಹೆಜ್ಜೆ, ಮುಂದಕ್ಕೊಂದು ಹೆಜ್ಜೆ,
ನಡುವೆ ನನ್ನ ನೀಲಿ ಪೆನ್ನು.

ಮೊನ್ನೆ ಬಂತು ಸುತ್ತೋಲೆ, ಎರಡು ಹಾಳೆ, ಒಂದು ಸೀಲು:
ಕಾಯಿಸಿದ ಹಾಲಿನ ಮೊಸರು, ಬೆಣ್ಣೆ, ಪನೀರು,
ಇವುಗಳಿಗೆ ಇನ್ನು ಜಾಡಿನ ದಾಖಲೆ ಬೇಡ.
ಬೆಂಕಿ ಎಲ್ಲವನ್ನೂ ನೋಡಿಕೊಂಡಿದೆ
ಎಂದು ಅದರ ತಾತ್ಪರ್ಯ.
ಕಾಯಿಸದ ಹಾಲಿನ ಚೀಸಿಗೆ ವಿನಾಯಿತಿ ಇಲ್ಲವಂತೆ;
ಅದನ್ನು ಈ ಊರಲ್ಲಿ ಕಂಡವರು ಯಾರು!
ಕಿಣಿಯವರು ಕನ್ನಡಕ ಹಣೆಗೇರಿಸಿ
"ನಿಮ್ಮ ಕೈಗೆ ರಜೆ, ಸೆವ್ರಿನ್ ಬಾಯಿ" ಎಂದರು.
ಲ್ಯಾಬಿನ ಸುಕೇಶ ಎಲ್ಲರಿಗೂ ಚಾ ತರಿಸಿದ.

ಸಂತೋಷವೇ. ಸುಳ್ಳು ಯಾಕೆ ಹೇಳಲಿ.
ಮೊಸರಿನ ಜಾಡು ಬರೆಯುವಾಗೆಲ್ಲ ಒಳಗೊಳಗೇ ನಗು ನನಗೆ.
ಹಾಲಿಗೆ ದನವುಂಟು, ದನಕ್ಕೆ ಹಟ್ಟಿಯುಂಟು,
ಹೆಪ್ಪಿಗೆ ಎಂತ ಉಂಟು?
ಇಂದಿನದಕ್ಕೆ ನಿನ್ನೆಯದ್ದು, ನಿನ್ನೆಯದಕ್ಕೆ ಮೊನ್ನೆಯದ್ದು.
ನಮ್ಮ ಮನೆಯ ಹೆಪ್ಪು ಕೆಟ್ಟ ವರ್ಷ
ಬೇಲಿಯಾಚೆಯ ಅಕ್ಕಮ್ಮ ಶೆಡ್ತಿ
ಗೆರಟೆಯಲ್ಲಿ ಎರಡು ಚಮಚ ಕೊಟ್ಟದ್ದು;
ಅವರಿಗೆ ಅದು ಎಲ್ಲೂರಿನ ತವರಿನಿಂದ
ಬಸ್ಸಿನಲ್ಲಿ, ಮಡಿಲ ಮೇಲೆ ಕೂತು ಬಂದದ್ದು.
ಯಾವ ಕಾಲಮ್ಮಿನಲ್ಲಿ ತುಂಬಲಿ ಆ ಮಡಿಲನ್ನು?
ಶಂಕರಪುರದ ಮಲ್ಲಿಗೆಯೂ ಹಾಗೇ,
ಮೂರು ಮನೆಯ ಮೊಗ್ಗು, ಒಂದೇ ಬಾಳೆನಾರು, ಒಂದು ಅಟ್ಟೆ.
ಮುಡಿದವಳು ಗಿಡದ ವಿಳಾಸ ಕೇಳುತ್ತಾಳೆಯೇ?

ಆದರೂ ಮುಚ್ಚುವ ಮೊದಲು
ಕೈ ತಾನಾಗಿ ನೂರ ಹನ್ನೆರಡನೇ ಪುಟಕ್ಕೆ ಹೋಯಿತು.

ಕಾಪುವಿನ ಒಂದು ಹಾಲ್. ಮೆಹಂದಿಯ ರಾತ್ರಿ.
ಇಪ್ಪತ್ತಾರು ಮಂದಿ ಆಸ್ಪತ್ರೆಗೆ,
ಮದುಮಗಳ ಪುಟ್ಟ ತಮ್ಮನ ಕೈಗೂ ಡ್ರಿಪ್.
ಬೆಳಗ್ಗೆ ಏಳಕ್ಕೆ ಫೋನು: "ನಿಮ್ಮ ಪನೀರು."
ನಲವತ್ತು ನಿಮಿಷ ಗೆರೆಯ ಮೇಲೆ ಬೆರಳೆಳೆದೆ.
ಹಾಲು ಸರಿ. ಬೆಂಕಿ ಸರಿ. ಒತ್ತಿದ ಕೈ ಸರಿ.
ಕೊನೆಯ ಮನೆಯಲ್ಲಿ, ನನ್ನದೇ ಅಕ್ಷರದಲ್ಲಿ:
ಉದ್ಯಾವರದಲ್ಲಿ ಟಯರು ಹೋಗಿ ಎರಡೂವರೆ ಗಂಟೆ ಬಿಸಿಲಲ್ಲಿ.
ಐಸು ಕರಗಿತ್ತು.
ಅದೇ ಗಾಡಿಯ ಇನ್ನೂ ಹದಿನೆಂಟು ಕಟ್ಟು
ಹಾಸ್ಟೆಲಿನ ಅಡುಗೆಮನೆಯಲ್ಲಿತ್ತು,
ಬಾಣಲೆಗೆ ಬೀಳುವ ಮೊದಲು ಹಿಂದೆ ಬಂತು.

ಟಯರಿನ ಸುದ್ದಿ ನನಗೆ ಹೇಳಿದ್ದು ವಿಠಲ ಸಾಲಿಯಾನ್,
ಗಾಡಿಯವ, ತಾನಾಗಿ, ನಗುತ್ತಾ,
ಹೆಂಡತಿಗೆ ಹೇಳಿದ ಹಾಗೆ.
ನಾನು ಬರೆದುಕೊಂಡೆ.
ಮರುವಾರ ಅವನ ಕೆಲಸ ಹೋಯಿತು.
ಈಗ ಮಲ್ಪೆಯ ಧಕ್ಕೆಯಲ್ಲಿ ಐಸು ಒಡೆಯುತ್ತಾನೆ.
ಮೀನಿಗೆ ಹೋದಾಗ ಸಿಗುತ್ತಾನೆ,
"ಊಟ ಆಯ್ತಾ ಬಾಯಿ" ಎನ್ನುತ್ತಾನೆ.
ಒಡೆಯುವುದನ್ನು ನಿಲ್ಲಿಸುವುದಿಲ್ಲ.

ಬರೆಯದಿದ್ದರೆ ಅವನು ಉಳಿಯುತ್ತಿದ್ದ.
ಬರೆಯದಿದ್ದರೆ ಹಾಸ್ಟೆಲಿನ ಮಕ್ಕಳು.
ಈ ಎರಡು ಸಾಲನ್ನು ಕೂಡಿಸಿ
ಕೆಳಗೆ ಮೊತ್ತ ಹಾಕಲು ನನಗೆ ಇನ್ನೂ ಬಂದಿಲ್ಲ.

ಖಾಲಿ ಹಾಳೆ ಐವತ್ತನಾಲ್ಕು ಉಳಿದಿತ್ತು.
ಮೊಮ್ಮಕ್ಕಳಿಗೆ ಲೆಕ್ಕ ಮಾಡಲು ಆಗುತ್ತದೆ,
ಕೊಂಡುಹೋಗಿ ಎಂದರು ಕಿಣಿಯವರು.
ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದೆ.
ಸಂಜೆ ಬೇಲಿಯ ಹತ್ತಿರ ಅಕ್ಕಮ್ಮನ ಮೊಮ್ಮಗಳು,
ಕೈಯಲ್ಲಿ ಸ್ಟೀಲಿನ ಲೋಟ:
"ನಮ್ಮ ಹೆಪ್ಪು ಹುಳಿಯಾಗಿ ಹೋಯಿತು ಆಂಟಿ."
ಎರಡು ಚಮಚ ಹಾಕಿದೆ.
ಎಲ್ಲಿಯದ್ದು ಎಂದು ಅವಳು ಕೇಳಲಿಲ್ಲ.
ಅಭ್ಯಾಸ ಬಿಡಬೇಕಲ್ಲ, ನಾನೇ ಹೇಳಿದೆ:
ಎಲ್ಲೂರಿನದ್ದು ಮಗಾ, ನಿನ್ನ ಅಜ್ಜಿಯದ್ದು.
ಹಾಲು ಉಗುರು ಬೆಚ್ಚಗಾದ ಮೇಲೆ ಹಾಕು.