ದಾರ ಒಂದು

ರಜಿಸ್ಟರಿನ್ಯಾಗ ಇರೂದು ನನ್ನ ಕೈಬರಹ:
ಬೆಲ್ಟು ಒಂದು. ಬೂಟಿನ ಲೇಸು ಎರಡು.
ಗಡಿಯಾರ ಒಂದು, ಗಾಜು ಸೀಳಿದ್ದು.
ದಾರ ಒಂದು.

ಕಡೀ ಸಾಲು ಸುಳ್ಳು.

ಕೆಂಪು ಮಣ್ಣಿನ ದೇಶ. ನೀಲಿ ಟೊಪಗಿ ಹಾಕ್ಕೊಂಡು
ಮಂದಿ ಜಗಳಾ ಬಿಡಸಾಕ ಹೋಗಿದ್ದಿವಿ ನಾವು.
ಜೇಲಂದ್ರ ಜೇಲಲ್ಲ, ಹಡಗಿನ್ಯಾಗ ಬಂದ ಕಬ್ಬಿಣದ ಡಬ್ಬಿ,
ಒಂದ ಮಗ್ಗಲಾ ಕೊರದು ಜಾಳಗಿ ಬಡದಿದ್ರು.
ಮಧ್ಯಾಹ್ನ ಅದರ ನೆತ್ತಿ ಮ್ಯಾಲ ರೊಟ್ಟಿ ಬೇಯತಿತ್ತು.
ಹವಾಲ್ದಾರಗ ಕೈ ಮಾಡಿದ್ದಕ್ಕ ಇಪ್ಪತ್ತೆಂಟು ದಿವಸ,
ಅಂದಾನೆಪ್ಪಗ, ಮುಳಗುಂದದಾಂವಗ.
ಯಾಕ ಹೊಡದ ಅಂತ ಯಾರೂ ಹೇಳಲಿಲ್ಲ.
ಸಂತ್ರಿ ಕೇಳೂಹಂಗಿಲ್ಲ. ಕೈದಿ ಹೇಳೂಹಂಗಿಲ್ಲ.

"ಒಳಗ ದಾರ ಇರಬಾರದು," ಸುಬೇದಾರ ಹಿಂದಿಯೊಳಗ ಅಂದ,
"ಯಾವ ದಾರನೂ." ಉರಲು ಹಾಕ್ಕೊಂಡಾರು ಅಂತ ಕಾಯ್ದೆ.
ಬೆಲ್ಟು ಕೊಟ್ಟ. ಲೇಸು ತಾನ ಬಿಚ್ಚಿದ.
ಶಿವದಾರದ ಪಾಳಿ ಬಂದಾಗ
ಕೈ ಅಂಗಿಯೊಳಗ ಹೋತು, ಹೊರಗ ಬರಲಿಲ್ಲ.

ಸುಬೇದಾರ ನನ್ನ ಮಾರಿ ನೋಡಿದ: ನಿಮ್ಮ ಕಡೆಯಾಂವಲ್ಲ,
ಹೇಳು ನಿಮ್ಮ ಭಾಷಾದಾಗ.
ಏನ ಹೇಳ್ಲಿ? ನಾ ಲಕ್ಷ್ಮೇಶ್ವರದ ನದಾಫರ ಹುಡುಗ,
ಅರಳಿ ಹಿಂಜುವ ಮನ್ಯಾಗ
ದಾರ ಪೋಣಿಸಿ, ದಾರ ಕಡದು ಬೆಳದಾಂವ.
ವರ್ಷಗಟ್ಟಲೆ ಬೆವರು ಕುಡದ ಗಂಟು, ಉಗರಿಗೆ ಬಗ್ಗಲಿಲ್ಲ.
"ಕಣ್ಣ ಮುಚ್ಚೋ ತಮ್ಮಾ" ಅಂದೆ.
ಕುತ್ತಿಗಿ ಹಿಂದ ಹಗೂರಕ ಚಾಕು. ಟಿಕ್ ಅಂತ ಒಂದ ಸಪ್ಪಳ.
ಆಮ್ಯಾಲ ಕರಡಗಿಯ ಎರಡೂ ಕಿವಿಗೆ.
ಲಿಂಗ ಅವನ ಅಂಗೈಯಾಗ ಉಳೀತು,
ನನ್ನ ಕೈಯಾಗ ಎರಡು ತುಂಡು.

ರಾತ್ರಿ ಹನ್ನೊಂದು ಹೆಜ್ಜಿ ಅತ್ತಾಗ, ಹನ್ನೊಂದು ಇತ್ತಾಗ.
ತಾಸಿಗೊಮ್ಮೆ ತೂತಿನ್ಯಾಗ ಬ್ಯಾಟ್ರಿ ಬಿಟ್ಟು ನೋಡಿ
'ಠೀಕ್' ಅಂತ ಬರೀಬೇಕು.
ಅಂಗಾತ ಮಲಗಿರತಿದ್ದ, ಎದಿ ಮ್ಯಾಲ ಎಡಗೈ ಮುಷ್ಟಿ.
ನಿದ್ದಿಯೊಳಗೂ ಅದು ಬಿಚ್ಚಿದ್ದು ಕಾಣಲಿಲ್ಲ.
ಒಂದ ಕೈಲೆ ಉಂಡ, ಒಂದ ಕೈಲೆ ಮಾರಿ ತೊಳಕೊಂಡ.
ನಾ ಬರದೆ: ಠೀಕ್. ಠೀಕ್. ಠೀಕ್.

ಒಂಬತ್ತನೇ ರಾತ್ರಿ, ತೂಕಡಿಕಿ ತಡೀಲಾರದ
ಹೆಜ್ಜಿ ತಾಳಕ್ಕ ಸಣ್ಣಗ ಕಂಡಕ್ಟರನಂಗ ಒದರಿದೆ:
ಗದಗ, ಲಕ್ಷ್ಮೇಶ್ವರ, ಸವಣೂರ, ಹಾವೇರಿ...
ಹೊಳ್ಳಿ ಹಾವೇರಿ, ಸವಣೂರ, ಲಕ್ಷ್ಮೇಶ್ವರ, ಗದಗ...
ಕಬ್ಬಿಣದೊಳಗಿಂದ ಬಂತು:
"ಮುಳಗುಂದ ಯಾಕ ಬಿಟ್ಟಿ? ನಾ ಎಲ್ಲಿ ಇಳೀಲಿ?"

ನಗಬಾರದು. ರೈಫಲ್ಲಿಗೆ ಹಣಿ ಹಚ್ಚಿ ನಕ್ಕೆ.
ಅಷ್ಟ. ಮುಂದ ದಿನಾ ರಾತ್ರಿ
ಮುಳಗುಂದಕ್ಕ ಬಸ್ ನಿಂತಿತು. ಯಾರೂ ಇಳೀಲಿಲ್ಲ.

ಬಿಡೂ ದಿವಸ ಸಾಮಾನು ಓದಿ ಕೊಟ್ಟೆ.
"ದಾರ ಒಂದು" ಅಂದೆ.
ಮೇಜಿನ ಮ್ಯಾಲ ಎರಡು ತುಂಡು.
ಎಣಿಸಿದ. ನನ್ನ ನೋಡಲಿಲ್ಲ. ಸಹಿ ಮಾಡಿದ.

ಮೊನ್ನೆ ಅಂಗಡಿ ಮೆಟ್ಟಲಾ ಹತ್ತಿ ಬಂದ,
ಮೀಸಿ ಬೆಳ್ಳಗಾಗ್ಯಾವ. ಮಗಳು ಧಾರವಾಡ ಹಾಸ್ಟೆಲ್ಲಿಗೆ ಹೊಂಟಾಳಂತ,
ಗಾದಿ ಬೇಕು.
"ಮಂಚ ಎರಡೂವರಿ ಫೂಟ್, ನಿನಗ ಗೊತ್ತಲ್ಲ ಆ ಅಳತಿ."
ಬಗ್ಗಿ ಅರಳಿ ಒತ್ತಿ ನೋಡಿದ.
ಕಾಲರಿನಿಂದ ದಾರ ಜಾರಿ ಹೊರಗ ಬಂತು.
ಗಂಟು ಹುಡುಕಿದೆ. ಇರಲಿಲ್ಲ.
ಹೊಸಾ ದಾರ, ಇನ್ನೂ ಬೆಳ್ಳಗ ಐತಿ.

"ಯಾಕ ಹೊಡದಿ ಅಂತ ಇವತ್ತಿಗೂ ಕೇಳಲಿಲ್ಲಲ್ಲೋ ನೀನು."
ಸಂತ್ರಿ ಕೇಳೂಹಂಗಿಲ್ಲ ಅಂದೆ.
ಹೌದೌದು ಅಂದ. ಐವತ್ತು ರೂಪಾಯಿ ಕಡಿಮಿ ಮಾಡಸಿಕೊಂಡ.

ಪಾವತಿ ಬರದೆ: ಗಾದಿ ಒಂದು. ತಲಿದಿಂಬು ಒಂದು.
ಓದಿದ. ಬೆರಳ ಹಚ್ಚಿ ಎಣಿಸಿದ.
"ಸಹಿ ಎಲ್ಲಿ ಮಾಡ್ಲಿ?" ಅಂದ.

ಗಿರಾಕಿ ಸಹಿ ಬೇಕಾಗೂದಿಲ್ಲ ಮಾರಾಯ,
ಇದಕ್ಕ.