ಗಿರಣಿಯಿಲ್ಲದ ಊರುಗಳು

ಶ್ರೀರಾಮಪುರದ ಒಂದು ಅಡ್ಡರಸ್ತೆಯ ಕೊನೆಗೆ
ಜಯಶೀಲಮ್ಮನ ಹಿಟ್ಟಿನ ಗಿರಣಿ.
ಅದರ ನೆತ್ತಿಯ ಮೇಲಿನ ಶೀಟು ಕೋಣೆ ನಮ್ಮದು,
ತಿಂಗಳಿಗೆ ಎರಡೂವರೆ ಸಾವಿರ, ಕರೆಂಟು ಬೇರೆ.
ಮೂರು ವರ್ಷ ಯಾರೂ ಬೈಯಲಿಲ್ಲ.
ಕೆಳಗೆ ರಾಗಿ ಅರೆಯುವ ಸದ್ದಿನಲ್ಲಿ
ಮೇಲೆ ನಾಲ್ವರು ಏನು ಬಡಿದುಕೊಂಡರೂ
ಬೀದಿಯ ಪಾಲಿಗೆ ಅದೂ ಗಿರಣಿಯೇ.

ಸಿಂಬಲ್ಲಿನ ಮೇಲೆ ಹಿಟ್ಟು ಕೂರುತ್ತಿತ್ತು.
ಫಿಲೋಮಿನಾ ಮೊದಲ ಪೆಟ್ಟು ಕೊಟ್ಟಾಗ
ಬೆಳ್ಳನೆಯ ಮೋಡವೊಂದು ಎದ್ದು
ಅಸ್ಗರ್ ಸೀನುತ್ತಿದ್ದ.
ಆ ಸೀನಿನಿಂದಲೇ ನಾವು ಲಯ ಹಿಡಿಯುತ್ತಿದ್ದುದು.

ಜನವರಿಯಲ್ಲಿ ಹೊರಟೆವು.
ಮುನಿಕೃಷ್ಣನ ಓಮ್ನಿ, ಐದು ಊರು, ಒಂಬತ್ತು ದಿನ.
ಗೊರಗುಂಟೆಪಾಳ್ಯ ದಾಟಲಿಕ್ಕೇ ಒಂದು ಗಂಟೆ;
ಅಷ್ಟರಲ್ಲಿ ತಿಪ್ಪೇಶ ಎಲ್ಲ ಹಾಡನ್ನೂ ಹಾಡಿ ಮುಗಿಸಿ
ತುಮಕೂರಿನಲ್ಲಿ ಗಂಟಲು ಕಟ್ಟಿಸಿಕೊಂಡು ಇಳಿದ.
ಮರುದಿನದಿಂದ ಕಾನೂನು ಬಂತು:
ಗಾಡಿಯೊಳಗೆ ಹಾಡಿದವನಿಗೆ ಐವತ್ತು ರೂಪಾಯಿ ದಂಡ.

ಲೆಕ್ಕದ ಪುಸ್ತಕ ನನ್ನ ಕೈಗೆ ಕೊಟ್ಟರು,
ಬೇಸ್ ನುಡಿಸುವವನಿಗೆ ಬೇರೇನು ಕೆಲಸ ಅಂತ.
ಈಗಲೂ ಇದೆ ಅದರಲ್ಲಿ:
ಪೆಟ್ರೋಲು. ಟೋಲು. ಕಿತ್ತುಹೋದ ತಂತಿ ಒಂದು.
ಶಿವಮೊಗ್ಗ: ಸಂಭಾವನೆ ಬದಲು ಶಾಲು ನಾಲ್ಕು, ಹಣ್ಣಿನ ಬುಟ್ಟಿ ಒಂದು.
ದಾವಣಗೆರೆ: ಹನ್ನೊಂದು ಜನ,
ಅದರಲ್ಲಿ ಮೂವರು ಶಾಮಿಯಾನದವರು.

ಬೈಯುತ್ತಲೇ ಹೊದ್ದೆವು ಆ ಶಾಲುಗಳನ್ನು,
ಹೈವೇಯ ಚಳಿ ಮಾನ ಮರ್ಯಾದೆ ನೋಡುವುದಿಲ್ಲ.
ರಾಣೆಬೆನ್ನೂರು ದಾಟಿದರೂ ಮುಗಿಯದ ಮೋಸಂಬಿ.
"ಪ್ರಯತ್ನಕ್ಕೆ ಫಲ ಅಂದ್ರೆ ಇದೇ ಕಣೋ"
ಅಂದಳು ಫಿಲೋಮಿನಾ, ಸಿಪ್ಪೆ ಬಿಡಿಸುತ್ತ.

ದುಡ್ಡೆಷ್ಟು ಎಂದು ಹೊರಡುವ ಮೊದಲೇ ಕೇಳಬೇಕು.
ಕೇಳುವಾಗ ನಗಬಾರದು.
ನಾನು ನಗುತ್ತಿದ್ದೆ.

ಆದರೆ ನಿಜವಾಗಿ ಹೆದರಿದ್ದು ಹುಬ್ಬಳ್ಳಿಯಲ್ಲಿ.
ಒಳ್ಳೆಯ ಹಾಲು, ಬಾಗಿಲಿಗೆ ದಪ್ಪನೆ ಪರದೆ,
ಹೊರಗಿನ ಒಂದು ಹಾರ್ನೂ ಒಳಗೆ ಬಾರದು.
ಅಲ್ಲಿ ಮೊದಲ ಸಲ
ನಮಗೆ ನಾವು ಕೇಳಿಸಿದೆವು.
ಎಷ್ಟು ಕಿರುಚುತ್ತಿದ್ದೆವು!
ಇನ್ನೂರೈವತ್ತು ಮೈಲಿ ಹಿಂದೆ ಬಿಟ್ಟು ಬಂದ ಗಿರಣಿಯನ್ನು
ಸೋಲಿಸಿಯೇ ತೀರುತ್ತೇವೆಂಬ ಹಾಗೆ.

ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು,
ತೊಡೆಯ ಮೇಲೆ ಹೆಲ್ಮೆಟ್ಟು,
ಯಾವ ಕ್ಷಣದಲ್ಲಾದರೂ ಎದ್ದು ಹೋಗಬಲ್ಲವಳು,
ಹಾಡು ಮುಗಿದ ಮೇಲೆ ಮೆಲ್ಲಗೆ ಹೇಳಿದಳು:
"ತಮ್ಮಾ, ನಾವು ಇಲ್ಲೇ ಅದೀವಲ್ಲೋ."

ತಿಪ್ಪೇಶ ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದ.
ಅಸ್ಗರ್ ಗುಂಡಿ ತಿರುಗಿಸಿದ, ಎಡಕ್ಕೆ, ಇನ್ನೂ ಎಡಕ್ಕೆ.
ಫಿಲೋಮಿನಾ ಕೋಲು ಕೆಳಗಿಟ್ಟು ಬೆರಳಲ್ಲೇ ನುಡಿಸಿದಳು.
ಉಳಿದದ್ದು ತೀರಾ ಸ್ವಲ್ಪ;
ಅರ್ಧಕ್ಕರ್ಧ ಹಾಡೆಲ್ಲ
ಗಿರಣಿಗೆ ಕೊಟ್ಟ ಎದುರುತ್ತರವಾಗಿತ್ತು.
ಚೆನ್ನಾಗಿತ್ತು ಅನ್ನಲಾರೆ.
ಎರಡನೇ ಚರಣ ಮರೆತೇ ಹೋಯಿತು.
ಆಕೆ ಮಾತ್ರ ಹೆಲ್ಮೆಟ್ಟನ್ನು
ಪಕ್ಕದ ಕುರ್ಚಿಗಿಟ್ಟಳು.

ಬೆಳಗಾವಿಯ ಬಗ್ಗೆ ಬರೆಯುವುದಿಲ್ಲ.
ಇಡ್ಲಿಯಿಂದ ಶುರುವಾದ ಜಗಳ
ಹಾಡು ಯಾರದು ಎಂಬಲ್ಲಿಗೆ ಹೋಯಿತು,
ಚಿತ್ರದುರ್ಗದ ತನಕ ಗಾಡಿಯಲ್ಲಿ ಇಂಜಿನ್ನಿನದೊಂದೇ ಮಾತು.

ಗುರುವಾರ, ಬೆಳಗಿನ ಜಾವ ನಾಲ್ಕೂವರೆ.
ಯಶವಂತಪುರ ಮಾರುಕಟ್ಟೆಯ ಈರುಳ್ಳಿ ಲಾರಿಗಳ ನಡುವೆ
ಸಿಕ್ಕಿಕೊಂಡು ಕೂತಲ್ಲೇ ಕೂಡಿ ಕಳೆದೆ.
ನಷ್ಟ ನಾಲ್ಕು ಸಾವಿರದ ಇನ್ನೂರು.
ತಲೆಗೆ ಸಾವಿರದ ಐವತ್ತು.
"ಅಷ್ಟೇನಾ?" ಅಂದ ಅಸ್ಗರ್,
ಎರಡು ದಿನದಲ್ಲಿ ಅವನ ಮೊದಲ ಮಾತು.
ತಿಪ್ಪೇಶ ಅವನಿಗೆ ಅರ್ಧ ಟೀ ಬಗ್ಗಿಸಿಕೊಟ್ಟ.

ಆರಕ್ಕೆ ಜಯಶೀಲಮ್ಮ ಷಟರ್ ಎತ್ತಿದಳು.
ನನ್ನ ಪಾಲಿನ ಶಾಲು ಕೊಟ್ಟೆ.
ಅಂಚಿನ ಜರಿಯನ್ನು ಉಗುರಲ್ಲಿ ಕೆರೆದು ನೋಡಿ,
ಮೂಗು ಬಾಯಿಗೆ ಬಿಗಿದು ಕಟ್ಟಿ
ಗಿರಣಿಯ ಸ್ವಿಚ್ಚು ಒತ್ತಿದಳು.

ಸಾಮಾನು ಏರಿಸಿ, ನಿದ್ದೆ ಬಾರದೆ,
ಹುಬ್ಬಳ್ಳಿಯ ಹಾಗೆಯೇ ನುಡಿಸಿದೆವು, ಸಣ್ಣಗೆ.
ನನಗೆ ನನ್ನ ತಂತಿಯೇ ಕೇಳಿಸಲಿಲ್ಲ,
ಬೆರಳಿಗಷ್ಟೇ ಗೊತ್ತಿತ್ತು.

ಕೆಳಗಿನಿಂದ ಶೀಟಿಗೆ ದೊಣ್ಣೆಯ ಕುಟ್ಟು:
"ಯಾಕ್ರೋ, ಹುಷಾರಿಲ್ವಾ? ಏನೂ ಕೇಳಿಸ್ತಿಲ್ಲ!"

ಒಂಬತ್ತು ದಿನದ ಹಿಟ್ಟು ಒಮ್ಮೆಲೇ ಎದ್ದಿತು.
ಅಸ್ಗರ್ ಸೀನಿದ.
ಅಲ್ಲಿಂದ ಹಿಡಿದೆವು.